ವೆಸ್ನಾತ್‌ಗೊಂದು ಮಾಂತ್ರಿಕ ಕೆನ್ನಾಯಿ: ಪ್ರಾಣಿ ಸಂಗಾತಿಯ ನಿಯಮಗಳನ್ನು ರೂಪಿಸುವ ಸಮಗ್ರ ಮಾರ್ಗದರ್ಶಿ

ಪ್ರಾಣಿ ಸಂಗಾತಿ ಇರುವ ಬಹುಪಾಲು ಮಾಡ್‌ಗಳು (ಇರುವ ಆಟಕ್ಕೆ ಆಟಗಾರರೇ ಮಾಡಿ ಸೇರಿಸುವ ಬದಲಾವಣೆಗಳು) ಎಡವುವುದು ಒಂದೇ ಕಡೆ. ನಾಯಕಿಯ ಜೊತೆ ತೋಳವೋ ಗಿಡುಗವೋ ಬರುತ್ತದೆ. ಒಳ್ಳೆಯ ಚಿತ್ರವಿರುತ್ತದೆ, ಹೆಸರಿರುತ್ತದೆ, ಹಿನ್ನೆಲೆಯ ಕಥೆಯೂ ಇರುತ್ತದೆ. ಆಟ ಶುರುವಾದ ಮೇಲೆ ಮಾತ್ರ ಅದು ಸೈನ್ಯದ ಇನ್ನೊಬ್ಬ ಕಾಲಾಳು. ನಾಯಕಿ ನಕ್ಷೆಯ ಈ ತುದಿಯಲ್ಲಿ, ಪ್ರಾಣಿ ಆ ತುದಿಯಲ್ಲಿ. ಇಬ್ಬರಿಗೂ ಸಂಬಂಧವೇ ಇಲ್ಲ. ಸಂಗಾತಿ ಅನ್ನಿಸಬೇಕಾದರೆ ಅವರಿಬ್ಬರ ನಡುವಿನ ದೂರಕ್ಕೆ ಆಟದಲ್ಲಿ ಬೆಲೆ ಇರಬೇಕು. ಪ್ರತಿ ಸರದಿಯಲ್ಲೂ ಆಟಗಾರ "ಇವತ್ತು ಹತ್ತಿರ ಇಟ್ಟುಕೊಳ್ಳಲೋ, ದೂರ ಕಳಿಸಲೋ" ಎಂದು ಯೋಚಿಸಬೇಕು. ಈ ಮಾರ್ಗದರ್ಶಿಯ ಎಲ್ಲ ಹೆಜ್ಜೆಗಳೂ ಆ ಒಂದು ಪ್ರಶ್ನೆಯನ್ನು ಜೀವಂತವಾಗಿಡುವುದಕ್ಕೆ.

ಉದಾಹರಣೆಗೆ 'ಬ್ಯಾಟಲ್ ಫಾರ್ ವೆಸ್ನಾತ್' ಆಟವನ್ನು ತೆಗೆದುಕೊಂಡಿದ್ದೇನೆ. 2003ರಲ್ಲಿ ಡೇವಿಡ್ ವೈಟ್ ಶುರು ಮಾಡಿದ, ಷಟ್ಕೋನದ ಮನೆಗಳ ಮೇಲೆ ಸರದಿಯಂತೆ ಆಡುವ ಈ ಆಟ ಉಚಿತ. ಮೂಲ ಕೋಡ್ ಕೂಡ ಜಿಪಿಎಲ್ ಪರವಾನಗಿಯಲ್ಲಿ ಮುಕ್ತ. ಮಾಡ್ ಮಾಡುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಡಬ್ಲ್ಯುಎಂಎಲ್ ಎಂಬ ಅದರ ಗುರುತು ಭಾಷೆ. ನೋಟ್‌ಪ್ಯಾಡ್ ಇದ್ದರೆ ಸಾಕು, ಪ್ರೋಗ್ರಾಮಿಂಗ್ ಬಾರದಿದ್ದರೂ ಹೊಸ ಪ್ರಾಣಿಯೊಂದನ್ನು ಆಟಕ್ಕೆ ಇಳಿಸಬಹುದು. ಟ್ಯಾಗ್‌ಗಳ, ಅಂದರೆ ಈ ಭಾಷೆಯಲ್ಲಿ ಚೌಕ ಆವರಣದೊಳಗೆ ಬರೆಯುವ ಗುರುತುಗಳ, ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ನಿಮ್ಮ ಫೈಲಿನಲ್ಲಿ ಅವು ಇಂಗ್ಲಿಷ್ ಅಕ್ಷರದಲ್ಲೇ, ಸಣ್ಣಕ್ಷರದಲ್ಲೇ ಇರಬೇಕು.

1. ಪ್ರಾಣಿಯನ್ನು ಅದರ ಸ್ವಭಾವದಿಂದ ಆರಿಸಿ

ಮೊದಲು ಶಕ್ತಿಗಳ ಪಟ್ಟಿ ಮಾಡಿ ಆಮೇಲೆ ಅದಕ್ಕೊಂದು ಪ್ರಾಣಿಯ ಚರ್ಮ ಹೊದಿಸಬೇಡಿ. ಪ್ರಾಣಿ ನಿಜವಾಗಿ ಹೇಗೆ ಬದುಕುತ್ತದೆ ಎಂದು ನೋಡಿದರೆ ಅರ್ಧ ನಿಯಮಗಳು ತಾವಾಗಿ ಸಿಗುತ್ತವೆ.

ನಾನು ಕೆನ್ನಾಯಿಯನ್ನು ಆರಿಸುತ್ತೇನೆ. ಸೀಳುನಾಯಿ ಎಂದೂ ಕರೆಯುತ್ತಾರೆ. ಬಂಡೀಪುರ, ನಾಗರಹೊಳೆ ಕಾಡುಗಳಲ್ಲಿ ಸಫಾರಿಗೆ ಹೋದವರು ಹಲವರು ನೋಡಿರುತ್ತಾರೆ. ಅದರ ಮೂರು ಗುಣಗಳು ನಮಗೆ ಬೇಕು. ಅದು ಹಿಂಡಾಗಿ ಬೇಟೆಯಾಡುತ್ತದೆ. ಹೆಚ್ಚಾಗಿ ಹಗಲಿನಲ್ಲಿ ಬೇಟೆಯಾಡುತ್ತದೆ. ಕಾಡಿನೊಳಗೆ ಚದುರಿದಾಗ ಸಿಳ್ಳೆಯಂಥ ಕೂಗಿನಿಂದ ಒಂದನ್ನೊಂದು ಕರೆಯುತ್ತದೆ. ಈ ಮೂರನ್ನೂ ವೆಸ್ನಾತ್‌ನ ಭಾಷೆಗೆ ತಂದರೆ ಹಿಂಡು ಎಂದರೆ ಹತ್ತಿರವಿದ್ದಾಗ ಬಲ, ಹಗಲು ಎಂದರೆ ಹಗಲಿನಲ್ಲಿ ಬಲ ಹೆಚ್ಚಿ ರಾತ್ರಿ ಕುಗ್ಗುವ 'ಲಾಫುಲ್' ಅಲೈನ್‌ಮೆಂಟ್, ಸಿಳ್ಳೆ ಎಂದರೆ ದೂರವನ್ನು ಒಮ್ಮೆಗೇ ಅಳಿಸುವ ಮಂತ್ರ. ವೆಸ್ನಾತ್‌ನ ತೋಳಗಳು 'ಕೇಯಾಟಿಕ್', ಅಂದರೆ ರಾತ್ರಿ ಬಲಶಾಲಿಗಳು. ಹಗಲಿನ ನಾಯಿಯೊಂದು ಬಂದರೆ ಅವಕ್ಕೆ ಸರಿಯಾದ ಎದುರಾಳಿ ಸಿಕ್ಕಂತಾಗುತ್ತದೆ.

ನಮ್ಮ ನಾಯಿಗೆ ಕೆಂಚ ಎಂದು ಹೆಸರಿಡೋಣ. ಒಡತಿ ನಾಗಿ, ಕಾಡಂಚಿನ ಗಿಡಮೂಲಿಕೆಯವಳು.

2. ಕೋಡ್ ಮುಟ್ಟುವ ಮುನ್ನ ನಿಯಮವನ್ನು ಕಾಗದದ ಮೇಲೆ ಬರೆಯಿರಿ

ಎರಡು ಮೂರು ವಾಕ್ಯಕ್ಕಿಂತ ಹೆಚ್ಚಾದರೆ ಆಟಗಾರನ ತಲೆಯಲ್ಲಿ ನಿಲ್ಲುವುದಿಲ್ಲ. ನಮ್ಮದು ಹೀಗಿದೆ:

ನಾಗಿಯಿಂದ 3 ಮನೆಯೊಳಗಿದ್ದರೆ ಕೆಂಚನ ಕಡಿತಕ್ಕೆ ಶೇ. 25 ಹೆಚ್ಚು ಬಲ. 3 ಮನೆ ದಾಟಿದರೆ ಆ ಬಲ ಹೋಗುತ್ತದೆ, ಆದರೆ ಶತ್ರುಗಳ ನಡುವೆ ನುಸುಳಿ ಹೋಗುವ ಚಾಕಚಕ್ಯತೆ ಬರುತ್ತದೆ. ಗಾಯ ಬೇಗ ಮಾಯಬೇಕಾದರೆ ನಾಗಿಯ ಪಕ್ಕಕ್ಕೇ ಬರಬೇಕು.

ಹತ್ತಿರಕ್ಕೂ ಲಾಭ, ದೂರಕ್ಕೂ ಲಾಭ. ಇದನ್ನು ಬಿಟ್ಟು ಹತ್ತಿರಕ್ಕೆ ಮಾತ್ರ ಬಹುಮಾನ ಕೊಟ್ಟರೆ ಆಟಗಾರ ಕೆಂಚನನ್ನು ನಾಗಿಯ ಸೆರಗಿಗೆ ಕಟ್ಟಿಹಾಕುತ್ತಾನೆ, ಯೋಚನೆ ಅಲ್ಲಿಗೆ ಮುಗಿಯುತ್ತದೆ. ದೂರಕ್ಕೆ ಮಾತ್ರ ಕೊಟ್ಟರೆ ಅದು ಬೇಹುಗಾರ, ಸಂಗಾತಿಯಲ್ಲ.

3 ಎಂಬ ಸಂಖ್ಯೆಯೂ ಸುಮ್ಮನೆ ಬಂದದ್ದಲ್ಲ. ಷಟ್ಕೋನದ ನಕ್ಷೆಯಲ್ಲಿ ಒಂದು ಮನೆಯ ಸುತ್ತ 1 ಸುತ್ತಿಗೆ 6 ಮನೆ, 2 ಸುತ್ತಿಗೆ 18, 3 ಸುತ್ತಿಗೆ 36, 4 ಸುತ್ತಿಗೆ 60. ಎರಡು ಸುತ್ತು ಎಂದರೆ ಕೆಂಚ ಕಾಲಿಗೆ ಅಡ್ಡ ಬರುವಷ್ಟು ಹತ್ತಿರ. ನಾಲ್ಕು ಸುತ್ತು ಎಂದರೆ ಸಾಮಾನ್ಯ ಕಾಳಗದ ಮೈದಾನವೆಲ್ಲ ಅದರೊಳಗೇ ಬಂದುಬಿಡುತ್ತದೆ, ಗಡಿಗೆ ಅರ್ಥವೇ ಉಳಿಯುವುದಿಲ್ಲ. ನಿಮ್ಮ ಪ್ರಾಣಿ ಒಂದು ಸರದಿಯಲ್ಲಿ ನಡೆಯಬಲ್ಲ ದೂರದ ಅರ್ಧಕ್ಕೆ ಹತ್ತಿರದ ಸಂಖ್ಯೆಯಿಂದ ಶುರು ಮಾಡಿ. ಕೆಂಚನ ಮೂವ್‌ಮೆಂಟ್ 7 ಎಂದುಕೊಂಡಿದ್ದೇನೆ, ಆದ್ದರಿಂದ 3.

3. ಅಂಕಿಗಳು, ಮತ್ತು ವೆಸ್ನಾತ್ ದಶಮಾಂಶ ಸರಿಮಾಡುವ ರೀತಿ

ಆಟದ ಪ್ರತಿ ಕಾಯಿಗೂ ಯೂನಿಟ್ ಎಂದು ಹೆಸರು. ಯೂನಿಟ್ ಟೈಪ್ ಟ್ಯಾಗ್‌ನಲ್ಲಿ ಕೆಂಚನ ಮೂಲ ವಿವರ ಹೋಗುತ್ತದೆ: ಲೆವೆಲ್ 1, ಎಚ್‌ಪಿ (ತಾಳಬಲ್ಲ ಹಾನಿ) 28, ಮೂವ್‌ಮೆಂಟ್ 7, ಅಲೈನ್‌ಮೆಂಟ್ ಲಾಫುಲ್, ಕಡಿತ 4-4. ಅಂದರೆ ಒಂದು ಏಟಿಗೆ 4ರಂತೆ ನಾಲ್ಕು ಏಟು, 'ಬ್ಲೇಡ್' ಬಗೆ, ಮೆಲೀ (ಕೈಗೆ ಕೈ ಕಾದಾಟ). ಕಥೆ ಮರಿಯಿಂದಲೇ ಶುರುವಾಗಬೇಕಿದ್ದರೆ ಲೆವೆಲ್ 0 ಯೂನಿಟ್ ಒಂದನ್ನೂ ಮಾಡಿ. ಲೆವೆಲ್ 0 ಯೂನಿಟ್‌ಗೆ ಹಿಡಿತದ ವಲಯ ಇರುವುದಿಲ್ಲ, ಶತ್ರುವನ್ನು ಅದು ತಡೆದು ನಿಲ್ಲಿಸಲಾರದು. ಸಾಕುವ ಖರ್ಚೂ ಇಲ್ಲ. ಮರಿಗೆ ಇವೆರಡೂ ಸಹಜವಾಗಿ ಹೊಂದುತ್ತವೆ.

ಕಡಿತಕ್ಕೆ 5 ಅಥವಾ 6 ಬಿಟ್ಟು 4 ಏಕೆ? ವೆಸ್ನಾತ್‌ನಲ್ಲಿ ಹೊತ್ತಿನ ಪರಿಣಾಮವೂ ನಾಯಕತ್ವದ ಬಲವೂ (ನಾಗಿಯ ಹತ್ತಿರ ಕೆಂಚನಿಗೆ ಸಿಗುವ ಶೇ. 25 ಇದೇ ಬಗೆಯದು) ಮೊದಲು ಕೂಡಿಕೊಳ್ಳುತ್ತವೆ, ಆಮೇಲೆ ಮೂಲ ಏಟಿನ ಮೇಲೆ ಬೀಳುತ್ತವೆ. ಬಂದ ಉತ್ತರವನ್ನು ಹತ್ತಿರದ ಪೂರ್ಣಾಂಕಕ್ಕೆ ತರುತ್ತಾರೆ. ಸರಿಯಾಗಿ ಅರ್ಧ ಬಂದರೆ ಮೂಲ ಏಟಿನ ಕಡೆಗೆ ವಾಲುತ್ತದೆ. 6ಕ್ಕೆ ಶೇ. 25 ಕೂಡಿಸಿದರೆ 7.5, ಅದು 7 ಆಗುತ್ತದೆ. 5ಕ್ಕೆ ಕೂಡಿಸಿದರೆ 6.25, ಅದು 6. ಎರಡರಲ್ಲೂ ಆಟಗಾರನಿಗೆ ನೀವು ಮಾತು ಕೊಟ್ಟ ಕಾಲುಭಾಗ ಪೂರ್ತಿ ಸಿಗಲಿಲ್ಲ. 4ಕ್ಕೆ ಕೂಡಿಸಿದರೆ ಸರಿಯಾಗಿ 5.

ಈಗ ಹಗಲು ರಾತ್ರಿ ಹಾಕಿ ನೋಡಿ. ಹಗಲಿನಲ್ಲಿ ನಾಗಿಯ ಹತ್ತಿರ ಇದ್ದರೆ 25 ಮತ್ತು 25 ಸೇರಿ ಶೇ. 50, ಏಟು 6. ಹಗಲಿನಲ್ಲಿ ದೂರ ಇದ್ದರೆ 5. ರಾತ್ರಿ ದೂರ ಇದ್ದರೆ ಶೇ. 25 ಕಡಿಮೆ, ಏಟು 3. ರಾತ್ರಿ ನಾಗಿಯ ಹತ್ತಿರ ಇದ್ದರೆ ಕೂಡಿದ್ದೂ ಕಳೆದದ್ದೂ ಸಮವಾಗಿ ಮತ್ತೆ 4. ಅಂದರೆ ಒಡತಿ ಹತ್ತಿರವಿದ್ದರೆ ಕೆಂಚನಿಗೆ ಕತ್ತಲೆಯ ಅಳುಕಿಲ್ಲ. ಇದನ್ನು ಸಂಭಾಷಣೆಯಲ್ಲಿ ಹೇಳಿಸುವ ಅಗತ್ಯವೇ ಇಲ್ಲ, ಎರಡನೇ ರಾತ್ರಿಯ ಹೊತ್ತಿಗೆ ಆಟಗಾರ ತಾನೇ ಕಂಡುಕೊಳ್ಳುತ್ತಾನೆ. ಕಥೆ ಹೇಳುವ ಅಂಕಿ ಸಿಕ್ಕರೆ ಅದನ್ನು ಕೈಬಿಡಬೇಡಿ.

ಬೇರೆ ಯೂನಿಟ್‌ಗಳ ಜೊತೆ ತೂಗಿ ನೋಡುವುದನ್ನೂ ಇಲ್ಲೇ ಮುಗಿಸಿ. 14 ಚಿನ್ನ ಬೆಲೆಯ ಸ್ಪಿಯರ್‌ಮನ್ (ಈಟಿಗಾರ) ಯೂನಿಟ್‌ನ ಏಟು 7-3. ತಗಲುವ ಸಾಧ್ಯತೆ ಶೇ. 60 ಇರುವ ಬಯಲಿನಲ್ಲಿ, ಮುಂಜಾನೆ ಅಥವಾ ಮುಸ್ಸಂಜೆಯಲ್ಲಿ ಅವನಿಂದ ಸರಾಸರಿ 12.6 ಹಾನಿ. ಅದೇ ಜಾಗದಲ್ಲಿ ಒಂಟಿ ಕೆಂಚನಿಂದ 9.6, ನಾಗಿ ಹತ್ತಿರವಿದ್ದರೆ 12. ಒಂಟಿಯಾಗಿ ಸ್ಪಿಯರ್‌ಮನ್‌ಗಿಂತ ದುರ್ಬಲ, ಜೊತೆಗಿದ್ದಾಗ ಹೆಚ್ಚುಕಮ್ಮಿ ಸಮ. ಇದು ಸರಿಯಾದ ತೂಕ. ಕೆಂಚ ಪುಕ್ಕಟೆಯಾಗಿ ಬರುವ ಯೂನಿಟ್ ಎಂಬುದನ್ನು ಮರೆಯಬಾರದು.

ಹೊಸಬರನ್ನು ಗೊಂದಲಕ್ಕೆ ದೂಡುವ ಎರಡು ಸಂಗತಿ ಇಲ್ಲಿವೆ. ಡಿಫೆನ್ಸ್ ಟ್ಯಾಗ್‌ನಲ್ಲಿ ಬರೆಯುವ ಸಂಖ್ಯೆ ತಪ್ಪಿಸಿಕೊಳ್ಳುವ ಸಾಧ್ಯತೆಯಲ್ಲ, ಏಟು ತಗಲುವ ಸಾಧ್ಯತೆ. ಕಾಡಿನಲ್ಲಿ ಕೆಂಚನಿಗೆ ಶೇ. 60 ರಕ್ಷಣೆ ಬೇಕಿದ್ದರೆ ಫಾರೆಸ್ಟ್‌ಗೆ 40 ಎಂದು ಬರೆಯಬೇಕು. ರೆಸಿಸ್ಟೆನ್ಸ್ ಟ್ಯಾಗ್ ಕೂಡ ಹಾಗೇ: 100 ಎಂದರೆ ಪೂರ್ತಿ ಹಾನಿ, 80 ಎಂದರೆ ಶೇ. 20 ತಡೆ, 120 ಎಂದರೆ ಶೇ. 20 ಹೆಚ್ಚು ಹಾನಿ. ಆಟದ ಪರದೆ ಮೇಲೆ ಇವು ಉಲ್ಟಾ ಆಗಿ, ನಾವು ಮಾತಾಡುವ ರೀತಿಯಲ್ಲೇ ಕಾಣುತ್ತವೆ.

4. ಹಳ್ಳಿಯ ಬಾಗಿಲು ಮುಚ್ಚಿ

ಹಳ್ಳಿಯ ಪ್ರಶ್ನೆಯನ್ನು ಹಲವರು ಗಮನಿಸುವುದೇ ಇಲ್ಲ. ವೆಸ್ನಾತ್‌ನ ಹಣಕಾಸು ನಿಂತಿರುವುದು ಹಳ್ಳಿಗಳ ಮೇಲೆ. ಪ್ರತಿ ಹಳ್ಳಿ ಚಿನ್ನ ಕೊಡುತ್ತದೆ, ಸೈನ್ಯದ ಖರ್ಚನ್ನು ಹೊರುತ್ತದೆ, ಒಳಗೆ ನಿಂತವರ 8 ಎಚ್‌ಪಿ ಗಾಯ ಮಾಯಿಸುತ್ತದೆ. ಮೂವ್‌ಮೆಂಟ್ 7 ಇರುವ ಕೆಂಚ ಮೊದಲ ಕೆಲವು ಸರದಿಗಳಲ್ಲೇ ಹಳ್ಳಿಗಳನ್ನೆಲ್ಲ ಹಿಡಿದುಬಿಡುತ್ತಾನೆ. ಹಳ್ಳಿಯವರು ಕಾಡುನಾಯಿಗೆ ಕಂದಾಯ ಕಟ್ಟುವುದು ಕಥೆಗೂ ಸರಿಹೋಗದು, ಲೆಕ್ಕಕ್ಕೂ ಸರಿಹೋಗದು.

ಮೂವ್‌ಮೆಂಟ್ ಕಾಸ್ಟ್ಸ್ ಟ್ಯಾಗ್‌ನಲ್ಲಿ ವಿಲೇಜ್‌ಗೆ 99 ಕೊಟ್ಟರೆ ಕೆಂಚ ಹಳ್ಳಿಗೆ ಕಾಲಿಡಲಾರ. ನೀರಿನ ಮೇಲಿನ ಹಳ್ಳಿಗಳಿಗೆ ನೆಲದ ಲೆಕ್ಕ ಬೇರೆ ಇರುವುದರಿಂದ ನಿಮ್ಮ ನಕ್ಷೆಯಲ್ಲಿ ಅಂಥವಿದ್ದರೆ ಪ್ರತ್ಯೇಕವಾಗಿ ಪರೀಕ್ಷಿಸಿ.

ಈ ಒಂದು ಸಾಲಿನಿಂದ ಇನ್ನೊಂದು ಒಳ್ಳೆಯದಾಗುತ್ತದೆ. ಹಳ್ಳಿಯಿಲ್ಲದ ಕೆಂಚನಿಗೆ ಉಳಿಯುವುದು ಅಲ್ಲಾಡದೆ ಕೂತು 2 ಎಚ್‌ಪಿ ಮಾಯಿಸಿಕೊಳ್ಳುವ ದಾರಿ, ಇಲ್ಲವೇ ನಾಗಿ. ನಾಗಿಯ ಯೂನಿಟ್‌ಗೆ ಗಾಯ ಮಾಯಿಸುವ ಹೀಲ್ಸ್ ಎಬಿಲಿಟಿ (ವಿಶೇಷ ಶಕ್ತಿ) ಕೊಡಿ, ವ್ಯಾಲ್ಯೂ 4, ಅಫೆಕ್ಟ್ ಅಡ್ಜೇಸೆಂಟ್ ಒಳಗಿನ ಫಿಲ್ಟರ್‌ನಲ್ಲಿ, ಅಂದರೆ ಯಾರಿಗೆ ಎಂಬ ಷರತ್ತಿನಲ್ಲಿ, ಕೆಂಚನ ಐಡಿ ಮಾತ್ರ. ಗಾಯಗೊಂಡಾಗ ಕೆಂಚ ನಾಗಿಯ ಪಕ್ಕಕ್ಕೆ ಓಡಿಬರುವುದು ಈಗ ಆಟದ ಲೆಕ್ಕಾಚಾರವೇ ಆಯಿತು.

5. ನಂಟನ್ನು ಎಬಿಲಿಟಿಯಲ್ಲಿ ಬರೆಯಿರಿ, ಈವೆಂಟಿನಲ್ಲಿ ಬೇಡ

ಈವೆಂಟ್ ಎಂದರೆ ಆಟದಲ್ಲಿ ಒಂದು ಘಟನೆ ನಡೆದಾಗ ಓಡುವ ಕೋಡ್. ದೂರ ಅಳೆಯಲು ಮೊದಲು ಹೊಳೆಯುವ ದಾರಿ ಮೂವ್‌ಟು ಈವೆಂಟ್: ಕೆಂಚ ನಡೆದಾಗಲೆಲ್ಲ ದೂರ ನೋಡು, ಬಲ ಸೇರಿಸು ಅಥವಾ ತೆಗೆ. ಇದು ಕೆಲಸ ಮಾಡುತ್ತದೆ, ಆದರೆ ಆಟದ ಸುಖ ಕೆಡಿಸುತ್ತದೆ. ನಡೆದ ಮೇಲೆ ಈವೆಂಟ್ ಏನಾದರೂ ಬದಲಾಯಿಸಿದರೆ ವೆಸ್ನಾತ್ ಆ ನಡೆಯನ್ನು ಹಿಂದಕ್ಕೆ ಪಡೆಯಲು ಬಿಡುವುದಿಲ್ಲ. ಇಲ್ಲಿಗೆ ಬಂದರೆ ಹೇಗೆ, ಅಲ್ಲಿಗೆ ಹೋದರೆ ಹೇಗೆ ಎಂದು ಇಟ್ಟು ತೆಗೆದು ನೋಡುವುದೇ ಇಂಥ ಆಟದ ರುಚಿ. ಅಂಡೂ ಕಿತ್ತುಕೊಂಡರೆ ಜನ ಮಾಡ್ ಮುಚ್ಚಿ ಎದ್ದುಹೋಗುತ್ತಾರೆ. ಹಾಗಲ್ಲದೆ, ಕೆಂಚ ನಿಂತೇ ಇದ್ದು ನಾಗಿ ನಡೆದರೂ ದೂರ ಬದಲಾಗುತ್ತದೆ. ಅದಕ್ಕೂ ಇನ್ನೊಂದು ಈವೆಂಟ್ ಬೇಕು.

ಎಬಿಲಿಟಿಯೊಳಗೇ ಫಿಲ್ಟರ್ ಇಟ್ಟರೆ ಎರಡೂ ತೊಂದರೆ ಇಲ್ಲ. ಆಟ ಬೇಕಾದಾಗಲೆಲ್ಲ ತಾನೇ ದೂರ ನೋಡಿಕೊಳ್ಳುತ್ತದೆ. ಕೆಂಚನ ಎಬಿಲಿಟೀಸ್ ಟ್ಯಾಗ್‌ನೊಳಗೆ ಇದರ ರಚನೆ ಹೀಗಿರುತ್ತದೆ:

[ಲೀಡರ್‌ಶಿಪ್]
ಐಡಿ=ನಂಟು
ವ್ಯಾಲ್ಯೂ=25
ಅಫೆಕ್ಟ್_ಸೆಲ್ಫ್=ಯೆಸ್
[ಫಿಲ್ಟರ್_ಸೆಲ್ಫ್]
[ಫಿಲ್ಟರ್_ಲೊಕೇಶನ್]
ರೇಡಿಯಸ್=3
[ಫಿಲ್ಟರ್]
ಐಡಿ=ನಾಗಿ
[/ಫಿಲ್ಟರ್]
[/ಫಿಲ್ಟರ್_ಲೊಕೇಶನ್]
[/ಫಿಲ್ಟರ್_ಸೆಲ್ಫ್]
[/ಲೀಡರ್‌ಶಿಪ್]

ಒಳಗಿನಿಂದ ಓದಿ: ನಾಗಿ ನಿಂತಿರುವ ಮನೆ, ಅದರ ಸುತ್ತ 3 ಮನೆ, ಅದರೊಳಗೆ ಕೆಂಚ ಇದ್ದರೆ, ಅವನಿಗೇ 25. ಲೀಡರ್‌ಶಿಪ್ ಟ್ಯಾಗ್ ಸಾಮಾನ್ಯವಾಗಿ ಪಕ್ಕದವರಿಗೆ ಬಲ ಕೊಡಲು ಬಳಸುವಂಥದ್ದು, ತನಗೇ ಕೊಡಿಸಲು ಅಫೆಕ್ಟ್ ಸೆಲ್ಫ್ ಬೇಕು. ಎರಡು ಕಡೆಯಿಂದ ಲೀಡರ್‌ಶಿಪ್ ಬಂದರೆ ಹೆಚ್ಚಿನದೊಂದೇ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಕೆಂಚನ ಪಕ್ಕದಲ್ಲಿ ಲೀಡರ್‌ಶಿಪ್ ಇರುವ ಒಬ್ಬ ಲೆಫ್ಟಿನೆಂಟನ್ನು ನಿಲ್ಲಿಸಿ ಬಲವನ್ನು ಇಮ್ಮಡಿ ಮಾಡಿಕೊಳ್ಳುವ ದಾರಿ ಮೊದಲೇ ಮುಚ್ಚಿದೆ.

ದೂರದ ನುಸುಳುವಿಕೆಗೆ ಸ್ಕರ್ಮಿಶರ್ ಟ್ಯಾಗ್, ಅದೇ ಫಿಲ್ಟರ್, ಆದರೆ ಫಿಲ್ಟರ್ ಲೊಕೇಶನ್‌ನ ಸುತ್ತ ನಾಟ್ ಟ್ಯಾಗ್. ಗಡಿ ಮನೆಯಲ್ಲಿ ಇದು ಹೇಗೆ ನಡೆಯುತ್ತದೆ ಎಂದು ಕಣ್ಣಾರೆ ನೋಡಿ: ಕೆಂಚನನ್ನು ಆಯ್ಕೆ ಮಾಡಿದಾಗ ಹೋಗಬಲ್ಲ ಮನೆಗಳು ಬೆಳಗುತ್ತವಲ್ಲ, ಆಗ ನಾಗಿಯ 3 ಮನೆಯ ಒಳಗೆ ಶತ್ರುವಿನ ಹಿಡಿತ ಅವನನ್ನು ತಡೆಯಬೇಕು, ಹೊರಗೆ ತಡೆಯಬಾರದು.

6. ನಂಟು ಬೆಳೆಯುವ ಬಗೆ

ಲೆವೆಲ್ ಏರುವುದಕ್ಕೆ ಎಕ್ಸ್‌ಪಿ (ಅನುಭವದ ಅಂಕ) ಇದ್ದೇ ಇದೆ: ಲೆವೆಲ್ 1ರ ಶತ್ರುವನ್ನು ಕೊಂದರೆ 8, ಬರಿ ಕಾದಾಡಿದರೆ 1. ನಂಟಿಗೆ ಬೇರೆ ಅಂಕ ಇಡಿ. ಯೂನಿಟ್‌ನೊಳಗಿನ ವೇರಿಯಬಲ್ಸ್ ಟ್ಯಾಗ್‌ನಲ್ಲಿ ನಂಟು ಎಂಬ ವೇರಿಯಬಲ್ (ಅಂಕಿ ನೆನಪಿಡುವ ಹೆಸರು) ಇಟ್ಟರೆ ಅದು ಕೆಂಚನ ಜೊತೆಯಲ್ಲೇ ಮುಂದಿನ ಸಿನೇರಿಯೋಗೂ (ಕಥೆಯ ಮುಂದಿನ ಅಧ್ಯಾಯಕ್ಕೂ) ಹೋಗುತ್ತದೆ.

ಪಕ್ಕದಲ್ಲಿ ನಿಂತಿದ್ದಕ್ಕೆ ಅಂಕ ಕೊಡಲೇಬೇಡಿ. ಕೊಟ್ಟರೆ ಯುದ್ಧ ಗೆದ್ದಾದ ಮೇಲೂ ಆಟಗಾರ ಇಬ್ಬರನ್ನೂ ಮೂಲೆಯಲ್ಲಿ ಕೂರಿಸಿ ಸರದಿ ಮುಗಿಸುವ ಬಟನ್ ಒತ್ತುತ್ತಿರುತ್ತಾನೆ. ತಪ್ಪು ಅವನದಲ್ಲ, ನಿಯಮ ಅದನ್ನೇ ಕೇಳುತ್ತಿದೆ. ಅಂಕ ಬರಬೇಕಾದದ್ದು ಕೂಡಿ ಮಾಡಿದ ಕೆಲಸಕ್ಕೆ. ನಮ್ಮ ನಿಯಮ: ಒಂದೇ ಸರದಿಯಲ್ಲಿ ನಾಗಿಯೂ ಕೆಂಚನೂ ಒಂದೇ ಶತ್ರುವಿನ ಮೇಲೆ ಬಿದ್ದು ಅದು ಸತ್ತರೆ ನಂಟಿಗೆ 1. ಒಂದು ಸರದಿಗೆ ಒಂದೇ ಸಲ.

ಇದನ್ನು ಬರೆಯುವಾಗ ಈವೆಂಟುಗಳ ಕ್ರಮ ಗಮನಿಸಿ. ಅಟ್ಯಾಕ್ ಈವೆಂಟ್ ಏಟು ಬೀಳುವ ಮೊದಲು ಬರುತ್ತದೆ, ಅಟ್ಯಾಕ್ ಎಂಡ್ ಎಲ್ಲ ಮುಗಿದ ಮೇಲೆ. ಶತ್ರುವಿನ ಮೇಲೆ "ಈ ಸರದಿಯಲ್ಲಿ ನಾಗಿ ಹೊಡೆದಳು" ಎಂಬ ಗುರುತನ್ನು ಅಟ್ಯಾಕ್ ಈವೆಂಟಿನಲ್ಲೇ ಹಾಕಬೇಕು. ಕೊನೆಯ ಏಟಿಗೆ ಸತ್ತ ಶತ್ರು ಅಟ್ಯಾಕ್ ಎಂಡ್ ಹೊತ್ತಿಗೆ ನಕ್ಷೆಯ ಮೇಲೆ ಇರುವುದಿಲ್ಲ. ಗುರುತಾಗಿ ಸರದಿಯ ಸಂಖ್ಯೆಯನ್ನೇ ಬರೆದಿಡಿ. ಆಮೇಲೆ ಡೈ ಈವೆಂಟಿನಲ್ಲಿ ಎರಡು ಗುರುತೂ ಇಂದಿನ ಸರದಿಯವೇ ಎಂದು ನೋಡಿ. ಡೈ ಈವೆಂಟಿನಲ್ಲಿ ಯೂನಿಟ್ ಎಂದರೆ ಸತ್ತವನು, ಸೆಕೆಂಡ್ ಯೂನಿಟ್ ಎಂದರೆ ಕೊಂದವನು. ಈ ಈವೆಂಟುಗಳಿಗೆಲ್ಲ ಫಸ್ಟ್ ಟೈಮ್ ಓನ್ಲಿ ಎಂಬುದಕ್ಕೆ ನೋ ಎಂದು ಬರೆಯದಿದ್ದರೆ ಒಂದೇ ಸಲ ಓಡಿ ಸುಮ್ಮನಾಗುತ್ತವೆ.

ಬಹುಮಾನಗಳ ವಿಷಯದಲ್ಲಿ ನನ್ನ ನಿಲುವು ಗಟ್ಟಿಯಾಗಿದೆ: ನಂಟು ಬೆಳೆದಂತೆ ಏಟಿನ ಬಲ ಬೆಳೆಯಬಾರದು, ದಾರಿಗಳು ಬೆಳೆಯಬೇಕು. ಹಿಂಡಿನ ಬೇಟೆಗಾರ ಎಂದಮೇಲೆ ಬ್ಯಾಕ್‌ಸ್ಟ್ಯಾಬ್ ಕೊಡೋಣ ಅನ್ನಿಸುವುದು ಸಹಜ, ಶತ್ರುವಿನ ಆಚೆ ಬದಿಯಲ್ಲಿ ನಮ್ಮವರಿದ್ದರೆ ಏಟು ಇಮ್ಮಡಿ. ಲೆಕ್ಕ ಹಾಕಿ. 4 ಇಮ್ಮಡಿಯಾಗಿ 8, ಹಗಲಿನಲ್ಲಿ ನಾಗಿಯ ಹತ್ತಿರ ಶೇ. 50 ಸೇರಿ 12, ನಾಲ್ಕು ಏಟಿಗೆ 48. ಸ್ಪಿಯರ್‌ಮನ್‌ನ ಎಚ್‌ಪಿ 36. ಮೂರೇ ಏಟಿಗೆ ಅವನು ಮುಗಿದ. ಆಮೇಲೆ ನಾಗಿಗೂ ಸೈನ್ಯಕ್ಕೂ ಕೆಲಸವೇ ಉಳಿಯುವುದಿಲ್ಲ.

ನಾನು ಇಡುವ ಮೆಟ್ಟಿಲುಗಳು ಇವು. ನಂಟು 3 ಆದಾಗ ಸಿಳ್ಳೆ. 7 ಆದಾಗ ದೂರದ ನುಸುಳುವಿಕೆ. ಹಿಂದಿನ ಹೆಜ್ಜೆಯ ಸ್ಕರ್ಮಿಶರನ್ನು ಮೊದಲಿನಿಂದ ಕೊಡದೆ ಆಬ್ಜೆಕ್ಟ್ ಟ್ಯಾಗ್ ಮೂಲಕ ಈಗ ಸೇರಿಸಿ. 12 ಆದಾಗ ನೆರಳು.

7. ಸಿಳ್ಳೆ ಮತ್ತು ನೆರಳು

ಮಾಂತ್ರಿಕತೆ ಇರುವುದು ಇಲ್ಲಿ. ಸೆಟ್ ಮೆನು ಐಟಂ ಟ್ಯಾಗ್‌ನಿಂದ ಮೌಸಿನ ಬಲಗುಂಡಿ ಮೆನುವಿನಲ್ಲಿ "ಸಿಳ್ಳೆ ಹಾಕು" ಎಂಬ ಸಾಲು ಸೇರಿಸಿ. ನಾಗಿಯ ಮೇಲೆ ಒತ್ತಿದಾಗ ಮಾತ್ರ ಕಾಣುವಂತೆ ಫಿಲ್ಟರ್ ಲೊಕೇಶನ್, ನಂಟು 3 ಅಥವಾ ಹೆಚ್ಚಿದ್ದರೆ ಮಾತ್ರ ಕಾಣುವಂತೆ ಶೋ ಇಫ್. ಒತ್ತಿದರೆ ಟೆಲಿಪೋರ್ಟ್ ಟ್ಯಾಗ್ ಕೆಂಚನನ್ನು ನಾಗಿಯ ಪಕ್ಕದ ಖಾಲಿ ಮನೆಗೆ ತರುತ್ತದೆ.

ಬೆಲೆ ಎರಡು ಇರಲಿ. ಬಂದ ಸರದಿಯಲ್ಲಿ ಕೆಂಚ ಕಚ್ಚಲಾರ: ಮಾಡಿಫೈ ಯೂನಿಟ್‌ನಿಂದ ಅಟ್ಯಾಕ್ಸ್ ಲೆಫ್ಟ್ 0. ಇನ್ನೊಂದು, ಮತ್ತೆ ಸಿಳ್ಳೆ ಹಾಕಲು 6 ಸರದಿ ಕಾಯಬೇಕು. ವೆಸ್ನಾತ್‌ನ ಒಂದು ದಿನ 6 ಸರದಿಯದು: ಮುಂಜಾನೆ, ಬೆಳಗ್ಗೆ, ಮಧ್ಯಾಹ್ನ, ಮುಸ್ಸಂಜೆ, ರಾತ್ರಿಯ ಎರಡು ಜಾವ. "ದಿನಕ್ಕೊಂದು ಸಿಳ್ಳೆ" ಎಂದರೆ ಯಾರೂ ಎಣಿಸುತ್ತ ಕೂರಬೇಕಿಲ್ಲ.

ಕಚ್ಚುವ ಅವಕಾಶ ಉಳಿಸಿಕೊಟ್ಟರೆ ಏನಾಗುತ್ತದೆ? ಕೆಂಚ ದೂರ ಹೋಗಿ ಗೂಢಚಾರಿಕೆ ಮಾಡುತ್ತಾನೆ, ಸಿಳ್ಳೆಗೆ ಹಾರಿಬಂದು ಪೂರ್ತಿ ಬಲದಲ್ಲಿ ಕಚ್ಚುತ್ತಾನೆ. ದೂರಕ್ಕೆ ನಾವು ಇಟ್ಟ ಬೆಲೆಯೆಲ್ಲ ಸೋರಿಹೋಗುತ್ತದೆ. ಸಿಳ್ಳೆ ಕಾಪಾಡುವುದಕ್ಕೆ ಇರಲಿ, ಕೊಲ್ಲುವುದಕ್ಕೆ ಬೇಡ.

ನಂಟು 12 ಆದ ಮೇಲೆ ಸಿಳ್ಳೆ ಹಾಕಿದಾಗ ಕೆಂಚ ಬಿಟ್ಟುಬಂದ ಮನೆಯಲ್ಲಿ ಅವನ ನೆರಳು ಉಳಿಯುತ್ತದೆ: ಲೆವೆಲ್ 0, ಎಚ್‌ಪಿ 1, ಏಟಿಲ್ಲ, ನಿಮ್ಮ ಮುಂದಿನ ಸರದಿ ಬಂದಾಗ ಮಾಯ. ಕಂಪ್ಯೂಟರ್ ಎದುರಾಳಿ ಸುಲಭವಾಗಿ ಕೊಲ್ಲಬಹುದಾದ ಯೂನಿಟ್ ಕಂಡರೆ ಅದರ ಕಡೆ ವಾಲುತ್ತದೆ, ಒಬ್ಬಿಬ್ಬರು ಶತ್ರುಗಳು ನೆರಳಿನ ಬೆನ್ನು ಹತ್ತುತ್ತಾರೆ. ಲೆವೆಲ್ 0 ಯೂನಿಟ್ ಕೊಂದದ್ದಕ್ಕೆ ಶತ್ರುವಿಗೆ 4 ಎಕ್ಸ್‌ಪಿ ಸಿಗುತ್ತದೆ. ಅದನ್ನು ಹಾಗೇ ಬಿಡಿ, ನೆರಳಿಗೂ ಒಂದು ಬೆಲೆ ಇರಲಿ.

ಕಂಪ್ಯೂಟರಿನ ಇದೇ ಸ್ವಭಾವ ನಿಜವಾದ ಕೆಂಚನ ಮೇಲೂ ತಿರುಗುತ್ತದೆ ಎಂಬುದು ನೆನಪಿರಲಿ. 28 ಎಚ್‌ಪಿಯ ಗಾಯಾಳು ನಾಯಿ ಎದುರಾಳಿಗೆ ಕೊಬ್ಬಿದ ಬೇಟೆ. ಮೊದಲ ಸಿನೇರಿಯೋಗಳಲ್ಲಿ ಶತ್ರುವಿಗೆ ಬಿಲ್ಲುಗಾರರನ್ನು ಕಡಿಮೆ ಕೊಡಿ, ಕೆಂಚನ ಕಡಿತಕ್ಕೆ ದೂರದಿಂದ ಉತ್ತರ ಕೊಡುವ ದಾರಿಯಿಲ್ಲ.

8. ಸಾವು

ಇಡೀ ಮಾಡ್‌ನಲ್ಲಿ ಅತಿ ಸೂಕ್ಷ್ಮವಾದ ತೀರ್ಮಾನ ಇದು. ಕೆಂಚ ಸತ್ತರೆ ಸತ್ತ ಎಂದು ಬಿಟ್ಟರೆ ಆಟಗಾರ ಮಾಡುವುದು ಎರಡೇ ಕೆಲಸ. ಹಳೆಯ ಸೇವ್ ತೆರೆದು ಮತ್ತೆ ಆಡುತ್ತಾನೆ, ಇಲ್ಲವೇ ಕೆಂಚನನ್ನು ಯುದ್ಧಕ್ಕೇ ಇಳಿಸದೆ ಕೋಟೆಯ ಹಿಂದೆ ಅಡಗಿಸಿಡುತ್ತಾನೆ. ಎರಡರಲ್ಲೂ ನೀವು ಮಾಡಿದ ಸಂಗಾತಿ ಆಟದಲ್ಲಿ ಇಲ್ಲ. ಸಾವಿಗೆ ಬೆಲೆಯೇ ಇಲ್ಲದಂತೆ ಮಾಡಿದರೆ ಕೆಂಚ ಗುರಾಣಿಯಾಗುತ್ತಾನೆ, ಅವನನ್ನು ಮುಂದೆ ತಳ್ಳಿ ಮಿಕ್ಕವರು ಹಿಂದೆ ನಿಲ್ಲುತ್ತಾರೆ. ಮಧ್ಯದ ದಾರಿ: ಸೋತ ಕೆಂಚ ಕಾಡು ಸೇರುತ್ತಾನೆ, 4 ಸರದಿಯ ನಂತರ ತಿರುಗಿ ಬರುತ್ತಾನೆ, ನಂಟು 2 ಇಳಿದಿರುತ್ತದೆ.

ಕೋಡ್ ಲಾಸ್ಟ್ ಬ್ರೆತ್ ಈವೆಂಟಿನಲ್ಲಿ ಇರಬೇಕು, ಏಕೆಂದರೆ ಆಗ ಕೆಂಚ ಇನ್ನೂ ನಕ್ಷೆಯ ಮೇಲಿರುತ್ತಾನೆ. ಮಾಡಿಫೈ ಯೂನಿಟ್‌ನಿಂದ ಎಚ್‌ಪಿ 1 ಮಾಡಿ, ನಂಟು ಇಳಿಸಿ, ತಿರುಗಿ ಬರುವ ಸರದಿಯ ಸಂಖ್ಯೆಯನ್ನು ಒಂದು ವೇರಿಯಬಲ್‌ನಲ್ಲಿ ಬರೆದು, ಪುಟ್ ಟು ರೀಕಾಲ್ ಲಿಸ್ಟ್ ಟ್ಯಾಗ್ ಬಳಸಿ, ಅಂದರೆ ಮತ್ತೆ ಕರೆಸಿಕೊಳ್ಳಬಹುದಾದವರ ರೀಕಾಲ್ ಪಟ್ಟಿಗೆ ಅವನನ್ನು ಸೇರಿಸಿ. ಅದರಲ್ಲಿ ಹೀಲ್‌ಗೆ ಯೆಸ್ ಕೊಡಿ. ಕೆಲವರು ಸ್ಟೋರ್ ಯೂನಿಟ್‌ನಿಂದ ವೇರಿಯಬಲ್‌ನಲ್ಲಿ ಎತ್ತಿಡುತ್ತಾರೆ. ಅದರಲ್ಲಿ ಅಪಾಯವಿದೆ: ಕೆಂಚ ಕಾಡಿನಲ್ಲಿರುವಾಗಲೇ ಸಿನೇರಿಯೋ ಗೆದ್ದುಬಿಟ್ಟರೆ ಮುಂದಿನದರ ರೀಕಾಲ್ ಪಟ್ಟಿಯಲ್ಲಿ ಅವನಿರುವುದಿಲ್ಲ. ಮೊದಲೇ ಪಟ್ಟಿಗೆ ಸೇರಿಸಿದ್ದರೆ ಆ ಚಿಂತೆಯಿಲ್ಲ.

ಸಮಯ ಬಂದಾಗ ಸೈಡ್ ಟರ್ನ್ ಈವೆಂಟಿನಲ್ಲಿ ನಾಗಿ ಎಲ್ಲಿದ್ದಾಳೆ ಎಂದು ನೋಡಿ ರೀಕಾಲ್ ಟ್ಯಾಗ್‌ನಿಂದ ಅಲ್ಲಿಗೆ ಕರೆಸಿ. ಈ ಟ್ಯಾಗ್ ಚಿನ್ನ ತೆಗೆದುಕೊಳ್ಳುವುದಿಲ್ಲ. ಪ್ರತಿ ಸಿನೇರಿಯೋ ಶುರುವಿನಲ್ಲಿ ಕೆಂಚನನ್ನು ನಾಗಿಯ ಜೊತೆ ಇಳಿಸಲೂ ಪ್ರೀಸ್ಟಾರ್ಟ್ ಈವೆಂಟಿನಲ್ಲಿ ಇದನ್ನೇ ಬಳಸಿ, ಲಾಯಲ್ ಟ್ರೇಟ್ ಕೊಟ್ಟು ಸಾಕುವ ಖರ್ಚನ್ನೂ ತೆಗೆದುಬಿಡಿ.

ರೀಕಾಲ್ ಪಟ್ಟಿಯಲ್ಲಿರುವ ಕೆಂಚನನ್ನು ಆಟಗಾರ ಕೋಟೆಯಿಂದ ತಾನೇ 20 ಚಿನ್ನ ಕೊಟ್ಟು ಕರೆಸಬಹುದಲ್ಲ? ಕರೆಸಬಹುದು. ಅದನ್ನು ತಡೆಯಲು ಹೋಗಬೇಡಿ, ನಿಯಮವೆಂದೇ ಘೋಷಿಸಿ: ಕಾಯಲು ಮನಸ್ಸಿಲ್ಲದವರು ನಾಗಿಯ ಔಷಧಕ್ಕೆ 20 ಚಿನ್ನ ಕೊಡಲಿ. ತಿರುಗಿ ಬರುವ ಈವೆಂಟಿನಲ್ಲಿ "ಕೆಂಚ ಈಗಾಗಲೇ ನಕ್ಷೆಯ ಮೇಲಿದ್ದಾನೆಯೇ" ಎಂಬ ಪರೀಕ್ಷೆಯೊಂದು ಸೇರಿಸಿದರೆ ಸಾಕು.

ಕೆಂಚ ಬಿದ್ದಾಗ ನಾಗಿಯ ಬಲವನ್ನೂ ಕುಗ್ಗಿಸುವ ಯೋಚನೆ ಹಲವರಿಗೆ ಬರುತ್ತದೆ, ದುಃಖ ತೋರಿಸಬೇಕಲ್ಲ ಎಂದು. ಬೇಡ. ಸೋಲುತ್ತಿರುವವನನ್ನು ಇನ್ನಷ್ಟು ಸೋಲಿಸುವ ನಿಯಮ ಅದು. ದುಃಖವನ್ನು ಒಂದು ಸಾಲಿನ ಮಾತಿನಲ್ಲಿ ತೋರಿಸಿ. ನಾಗಿಯೇ ಸತ್ತರೆ? ಅವಳು ಕಥಾನಾಯಕಿಯಾದರೆ ಸಿನೇರಿಯೋ ಅಲ್ಲಿಗೆ ಮುಗಿಯಿತು. ಅಲ್ಲವಾದರೆ ಕೆಂಚ ಆ ಸರದಿ ಮುಗಿಯುವವರೆಗೆ ಇದ್ದು ಆಮೇಲೆ ಕಾಡಿಗೆ ಹೋಗಲಿ, ಬೇರೆ ಒಡೆಯನನ್ನು ಹುಡುಕುವುದು ಬೇಡ.

9. ಶತ್ರುವಿಗೂ ಸಂಗಾತಿ ಕೊಡುವುದಾದರೆ

ವೆಸ್ನಾತ್‌ನ ಸಾಮಾನ್ಯ ಕಂಪ್ಯೂಟರ್ ಆಟಗಾರನಿಗೆ ನಿಮ್ಮ 3 ಮನೆಯ ನಿಯಮ ಗೊತ್ತಿಲ್ಲ. ತನ್ನ ಪ್ರಾಣಿಯನ್ನು ಮನಸ್ಸಿಗೆ ಬಂದಲ್ಲಿ ಓಡಿಸುತ್ತದೆ. ಆಟದೊಂದಿಗೇ ಬರುವ ಮೈಕ್ರೋ ಎಐಗಳಲ್ಲಿ (ಕಂಪ್ಯೂಟರ್ ಆಟಗಾರನಿಗೆ ಕೊಡಬಹುದಾದ ಸಿದ್ಧ ನಡವಳಿಕೆಗಳು) ತೋಳಗಳ ಹಿಂಡಿನ ನಡವಳಿಕೆಗೂ ಕಾವಲುಗಾರರಿಗೂ ಕೆಲವು, ಒಬ್ಬರನ್ನು ಕಾಪಾಡುವುದಕ್ಕೆ ಒಂದು ಇವೆ. ಒಂದೇ ಕಡೆ ನಿಲ್ಲುವ ಒಡೆಯನ ಹತ್ತಿರವೇ ಇರಬೇಕಾದ ಪ್ರಾಣಿಗೆ ಕಾವಲುಗಾರನ ಎಐ ಹೊಂದುತ್ತದೆ. ಅದಕ್ಕಿಂತ ಹೆಚ್ಚು ಬುದ್ಧಿ ಬೇಕಾದರೆ ಲುವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯಬೇಕು. ಮೊದಲ ಮಾಡ್‌ನಲ್ಲಿ ಅದಕ್ಕೆ ಕೈಹಾಕಬೇಡಿ.

10. ಪರೀಕ್ಷೆ, ಚಿತ್ರ, ಬಿಡುಗಡೆ

ಪರೀಕ್ಷೆಗೆಂದೇ ಪುಟ್ಟ ನಕ್ಷೆ ಮಾಡಿ: ಒಂದಿಷ್ಟು ಕಾಡು, ಒಂದು ಹಳ್ಳಿ, ನಾಗಿ, ಕೆಂಚ, ಮೂರು ನಾಲ್ಕು ಶತ್ರುಗಳು. ಡಿಬಗ್ ಎಂಬ ಆದೇಶ ಕೊಟ್ಟು ಆ ಸ್ಥಿತಿಗೆ ಹೋದರೆ ಬೇಕಾದ ಯೂನಿಟ್ ಹುಟ್ಟಿಸಬಹುದು, ಎಚ್‌ಪಿ ಬದಲಾಯಿಸಬಹುದು. ಇನ್‌ಸ್ಪೆಕ್ಟ್ ಆದೇಶದಿಂದ ವೇರಿಯಬಲ್‌ಗಳ ಒಳಗೆ ಏನಿದೆ ಎಂದು ನೇರವಾಗಿ ನೋಡಬಹುದು. ಮುಖ್ಯವಾಗಿ ಇವನ್ನು ಮಾಡಿ ನೋಡಿ: ಗಡಿಯ ಒಳಗಿನಿಂದ ಹೊರಗೆ ನಡೆದು ಅಂಡೂ ಒತ್ತುವುದು; ಕೆಂಚ ಕಾಡಿನಲ್ಲಿರುವಾಗ ಸೇವ್ ಮಾಡಿ ತೆರೆಯುವುದು; ಅವನು ಬರಬೇಕಾದ ಸರದಿಯಲ್ಲಿ ನಾಗಿಯ ಸುತ್ತ ಆರೂ ಮನೆ ತುಂಬಿರುವುದು; ನೆರಳು ಇರುವಾಗಲೇ ಸಿನೇರಿಯೋ ಮುಗಿಯುವುದು. ಮಲ್ಟಿಪ್ಲೇಯರ್‌ಗೆ ಬಿಡುವುದಿದ್ದರೆ ಅದೃಷ್ಟದ ಅಂಕಿಗಳನ್ನು ಸೆಟ್ ವೇರಿಯಬಲ್‌ನ ರ‍್ಯಾಂಡ್‌ನಿಂದಲೇ ತೆಗೆಯಿರಿ, ಆಗ ಎಲ್ಲರ ಕಂಪ್ಯೂಟರಿನಲ್ಲೂ ಒಂದೇ ಅಂಕಿ ಬರುತ್ತದೆ.

ಚಿತ್ರ 72 ಪಿಕ್ಸೆಲ್ ಚೌಕದ್ದು, ಹಿನ್ನೆಲೆ ಪಾರದರ್ಶಕ, ಮುಖ ಬಲಗಡೆಗೆ. ಕೆನ್ನಾಯಿಯ ಇಟ್ಟಿಗೆ ಕೆಂಪು ಮೈ, ಪೊದೆಯಂಥ ಕಪ್ಪು ಬಾಲ ಇವೆರಡು ಸರಿಯಾಗಿ ಬಂದರೆ ಚಿಕ್ಕ ಚಿತ್ರದಲ್ಲೂ ಗುರುತು ಸಿಗುತ್ತದೆ. ಎಬಿಲಿಟಿಯ ವಿವರಣೆಯಲ್ಲಿ ಕಾವ್ಯ ಬೇಡ. "ನಾಗಿಯಿಂದ 3 ಮನೆಯೊಳಗಿದ್ದಾಗ ಏಟಿಗೆ ಶೇ. 25 ಹೆಚ್ಚು" ಎಂದು ನೇರವಾಗಿ ಬರೆಯಿರಿ, ಆಟಗಾರ ಮೌಸ್ ಇಟ್ಟು ಓದುವುದು ಅದನ್ನೇ. ಪರದೆಗೆ ಬರುವ ಪ್ರತಿ ವಾಕ್ಯದ ಉದ್ಧರಣ ಚಿಹ್ನೆಯ ಮುಂದೆ ಅಂಡರ್‌ಸ್ಕೋರ್ ಹಾಕಿದರೆ ಅದು ಅನುವಾದಕ್ಕೆ ಸಿದ್ಧ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದೇ ಮಾಡ್ ಕೊಡಬಹುದು.

ಬಿಡುಗಡೆಗೆ ಸರ್ವರ್ ಪಿಬಿಎಲ್ ಫೈಲಿನಲ್ಲಿ ಹೆಸರು, ಆವೃತ್ತಿ, ವಿವರಣೆ, ಬಗೆ ತುಂಬಿ, ಆಟದೊಳಗಿನ ಆಡ್-ಆನ್ ಕಿಟಕಿಯಿಂದಲೇ ಏರಿಸಬಹುದು. ನೀವೇ ಬರೆಯದ ಚಿತ್ರ, ಸದ್ದುಗಳ ಪರವಾನಗಿ ಮೊದಲೇ ನೋಡಿಕೊಳ್ಳಿ. ಮೊದಲ ಆಟಗಾರರಿಂದ ಅಭಿಪ್ರಾಯ ಕೇಳುವಾಗ "ಚೆನ್ನಾಗಿದೆಯೇ" ಎಂದು ಕೇಳಬೇಡಿ. ಕೆಂಚನನ್ನು ಯಾವಾಗ ದೂರ ಕಳಿಸಿದಿರಿ, ಏಕೆ ಎಂದು ಕೇಳಿ. ಕಳಿಸಲೇ ಇಲ್ಲ ಎಂದರೆ ದೂರದ ಲಾಭ ಸಾಲದು, ನುಸುಳುವಿಕೆಯನ್ನು ನಂಟು 7ರ ಬದಲು 4ಕ್ಕೆ ತನ್ನಿ. ಸದಾ ದೂರವೇ ಇದ್ದ ಎಂದರೆ ನಾಗಿಯ ಹೀಲ್ಸನ್ನು 4ರಿಂದ 6ಕ್ಕೆ ಏರಿಸಿ ನೋಡಿ. ಒಂದು ಸಲಕ್ಕೆ ಒಂದೇ ಅಂಕಿ ಬದಲಾಯಿಸಿ, ಆವೃತ್ತಿಯ ಸಂಖ್ಯೆ ಏರಿಸಿ ಮತ್ತೆ ಕೊಡಿ.